ಎಣ್ಣೆ ಕಾಯಿಸುವ ದಿನ

ಮಾಸ್ಕೋದಲ್ಲಿ ದುಡಿದು ವಾಪಸ್ ಬಂದವರು ನಮ್ಮೂರಲ್ಲಿ ಒಂದೋ ಮನೆಗೆ ಹೊಸ ತಗಡು ಹೊದಿಸುತ್ತಾರೆ, ಇಲ್ಲವೇ ಹಳೇ ಕಾರು ಕೊಂಡು ಟ್ಯಾಕ್ಸಿ ಓಡಿಸುತ್ತಾರೆ. ಬೇಯ್ಶೆನ್ ಮುದುಕನ ಕಿರಿಮಗ ಕುಬಾತ್ ಮಾತ್ರ ತರಕಾರಿ ಬೆಳೆಯುತ್ತೇನೆ ಅಂದ. ಮನೆಯ ಹಿಂದೆ ಕಾಲುವೆಯ ಆಚೆಗಿದ್ದ ತುಂಡು ಭೂಮಿಯಲ್ಲಿ, ಮುದುಕನ ಮಂಡಿ ಕೈಕೊಟ್ಟ ಮೇಲೆ ದನದ ಹುಲ್ಲು ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗುತ್ತಿದ್ದ ಹಾಗೆ ಕುಬಾತ್, ಅವನ ಹೆಂಡತಿ ಮೇರಿಮ್, ಐದು ವರ್ಷದ ಮಗಳು ಆಯ್ಬಿಕೆ ಮೂರು ಚೀಲ ಹೊತ್ತುಕೊಂಡು ಬಂದಿಳಿದರು.

ಮೇರಿಮ್ ರಾಜಧಾನಿ ಬಿಷ್ಕೆಕ್‌ನಲ್ಲಿ, ನಾಲ್ಕನೇ ಮಹಡಿಯ ಮನೆಯಲ್ಲಿ ಹುಟ್ಟಿ ಬೆಳೆದವಳು. ಸೌತೆಕಾಯಿ ಬಳ್ಳಿಯಲ್ಲಿ ಬಿಡುತ್ತೋ ಮರದಲ್ಲಿ ಬಿಡುತ್ತೋ ಅವಳಿಗೇನು ಗೊತ್ತು ಎಂದು ನಮ್ಮ ಬೀದಿಯ ಹೆಂಗಸರು ಆಡಿಕೊಂಡರು. ಒಂದು ತಿಂಗಳಲ್ಲಿ ಅವಳ ಅಂಗೈ ನೋಡಿ ಬಾಯಿ ಮುಚ್ಚಿಕೊಂಡರು. ಮದುವೆಯಾಗಿ ಆರು ವರ್ಷವಾಗಿದ್ದರೂ ಅವಳು ಅತ್ತೆಯ ಜೊತೆ ಒಂದೇ ಸೂರಿನಡಿ ಇದ್ದದ್ದು ಇದೇ ಮೊದಲು. ಅತ್ತೆ ಕಾಲಿಪಾ ಎಂಥವಳು ಅಂದರೆ, ಹಾಲು ಕೆನೆಗಟ್ಟಿದರೆ ಕೆನೆಯ ಕೆಳಗೆ ಯಾರೇನು ಬಚ್ಚಿಟ್ಟಿದ್ದಾರೆ ಎಂದು ಎತ್ತಿ ನೋಡುವವಳು.

ಬಂದ ವಾರವೇ ಚಹಾದ ಹೊತ್ತಿಗೆ ಜಗಳ ಶುರುವಾಯಿತು. ಮೇರಿಮ್ ಬಾಗಿಲ ಹತ್ತಿರ ಕೂತು ಬಟ್ಟಲಿಗೆ ಚಹಾ ಹಾಕುತ್ತ, "ಮಾವ, ಗುರುವಾರ ಸಸಿ ತರೋಣ್ವಾ?" ಅಂದಳು.

ಕಾಲಿಪಾ ಬಟ್ಟಲು ಕೆಳಗಿಟ್ಟಳು. "ಏನಂದೆ?"

"ಗುರುವಾರ ಸಸಿ..."

"ಮಾವನ ಮುಂದೆ ಕೂತು ಮಾವನ ಹೆಸರೇ ಹೇಳ್ತೀಯಲ್ಲೇ! ನಿಮ್ಮಮ್ಮ ನಿಂಗೆ ಇಷ್ಟೂ ಹೇಳ್ಕೊಡ್ಲಿಲ್ವಾ?"

ಗುರುವಾರಕ್ಕೆ ನಾವು ಬೇಯ್ಶೆಂಬಿ ಅನ್ನುತ್ತೇವೆ. ಆ ದಿನ ಹುಟ್ಟಿದ್ದಕ್ಕೇ ಮುದುಕನಿಗೆ ಬೇಯ್ಶೆನ್ ಎಂದು ಹೆಸರಿಟ್ಟಿದ್ದರು. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು, ಆ ಹೆಸರು ಅಡಗಿರುವ ಮಾತನ್ನೂ ಆಡಬಾರದು. ಕಾಲಿಪಾಳ ಮಾವನ ಹೆಸರಿನಲ್ಲಿ ಉಪ್ಪು ಎಂಬ ಪದವಿತ್ತು. ಆತ ಸತ್ತು ಎಷ್ಟೋ ಕಾಲವಾದರೂ ಅವಳು ಇವತ್ತಿಗೂ ಅಂಗಡಿಗೆ ಹೋದರೆ "ಒಂದು ಪ್ಯಾಕೆಟ್ ರುಚಿ ಕೊಡಪ್ಪ" ಅನ್ನುತ್ತಾಳೆ, ಅಂಗಡಿಯವನು ಉಪ್ಪು ಕೊಡುತ್ತಾನೆ.

"ಬಿಡೇ," ಅಂದ ಬೇಯ್ಶೆನ್. "ನನ್ನ ಹೆಸರು ಹೇಳಿದ್ರೆ ನನ್ನ ಗಡ್ಡ ಉದುರೋಗುತ್ತಾ?"

"ನಿಮ್ಮ ಗಡ್ಡ ಉದುರಲ್ಲ, ನನ್ನ ಮಾನ ಉದುರುತ್ತೆ."

ಮೇರಿಮ್‌ಗೆ ಮೊದಲ ವಾರವೇ ಮನಸ್ತಾಪ ಬೇಡವಾಗಿತ್ತು. "ಹಾಗಾದ್ರೆ ಆ ದಿನಕ್ಕೆ ಏನನ್ಲಿ ಅತ್ತೆ?"

"ಎಣ್ಣೆ ಕಾಯಿಸೋ ದಿನ ಅನ್ನು. ನಾನು ಅಡುಗೆಮನೇಲಿ ಇನ್ನೇನು ಮಾಡ್ತೀನಿ ಅವತ್ತು?"

ಅದು ನಿಜ. ಗುರುವಾರ ಸಂಜೆ ಕಾಲಿಪಾ ತಪ್ಪದೆ ಬಾಣಲೆ ಇಟ್ಟು ಹಿಟ್ಟಿನ ಉಂಡೆ ಕರಿಯುತ್ತಿದ್ದಳು. ಆ ವಾಸನೆ ತೀರಿಕೊಂಡವರಿಗೆ ಮುಟ್ಟುತ್ತದೆ ಎಂಬುದು ನಮ್ಮ ನಂಬಿಕೆ.

"ಇನ್ನೊಂದಿದೆ," ಅಂದಳು ಕಾಲಿಪಾ. "ಗಂಡನ್ನ ಹೆಸರು ಹಿಡಿದು ಊರಿಗೆಲ್ಲಾ ಕೇಳೋ ಹಾಗೆ ಕೂಗ್ತೀಯಲ್ಲ, ಅದೂ ನಿಲ್ಬೇಕು. 'ಮಗಳ ಅಪ್ಪ' ಅನ್ನು, 'ರೀ' ಅನ್ನು. ನಾವೆಲ್ಲ ಅನ್ಲಿಲ್ವಾ?"

"ಅದು ಮಾತ್ರ ಆಗಲ್ಲ ಅತ್ತೆ. ಕುಬಾತ್‌ನ ಕುಬಾತ್ ಅನ್ನದೆ ಏನನ್ಲಿ?"

ಕುಬಾತ್ ನಕ್ಕ. "ಇರ್ಲಿ ಬಿಡಮ್ಮ. ಅವಳು ಹಾಗೆ ಕರೆದ್ರೇ ನಂಗೆ ಓಗೊಡೋಕೆ ಬರೋದು."

ಒಂದು ಬೇಡಿಕೆ ಗೆದ್ದು ಒಂದು ಸೋತ ಕಾಲಿಪಾ, ಸೋತದ್ದನ್ನೇ ನೆನಪಿಟ್ಟುಕೊಂಡಳು.

ಏಪ್ರಿಲ್‌ನಲ್ಲಿ ಕಾಲುವೆ ನೀರು ಹಂಚುವ ಹೊಸ ನೀರುಗಂಟಿ ಮಂಬೆತ್ ಕುದುರೆ ಏರಿ ಬಾಗಿಲಿಗೆ ಬಂದ. ಹಳೇ ನೀರುಗಂಟಿ ಚಳಿಗಾಲದಲ್ಲಿ ತೀರಿಕೊಂಡಿದ್ದ, ಯಾರ ಸರದಿ ಯಾವತ್ತು ಎಂಬುದೂ ಅವನ ಜೊತೆಗೇ ಮಣ್ಣಾಗಿತ್ತು. ಮಂಬೆತ್ ಬೆಟ್ಟದ ಬುಡದ ಮೇಲೂರಿನವನು, ಮನೆಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದ. ಅವನು ಬಂದಾಗ ಮನೆಯಲ್ಲಿ ಮೇರಿಮ್ ಒಬ್ಬಳೇ ಇದ್ದಳು.

"ನಿಮ್ಮ ತೋಟಕ್ಕೆ ನೀರು ಯಾವತ್ತಮ್ಮ?"

"ಎಣ್ಣೆ ಕಾಯಿಸೋ ದಿನ," ಅಂದಳು ಮೇರಿಮ್, ತಲೆ ಬಗ್ಗಿಸಿ.

ಪಟ್ಟಣದ ಹುಡುಗಿಯಾದರೂ ಮರ್ಯಾದೆ ಇದೆಯಲ್ಲ ಎಂದು ಮಂಬೆತ್‌ಗೆ ಖುಷಿಯಾಯಿತು. "ಆಯ್ತು ತಾಯಿ," ಎಂದು ಕುದುರೆ ತಿರುಗಿಸಿದ.

ಮೇ ತಿಂಗಳು ಪೂರ್ತಿ ಮಳೆ. ಕಾಲುವೆಯ ನೀರು ಯಾರಿಗೂ ಬೇಕಾಗಲಿಲ್ಲ. ಸೌತೆ ಪ್ಲಾಸ್ಟಿಕ್ ಹೊದಿಕೆಯಡಿ ಹಬ್ಬಿತು, ಟೊಮೇಟೊ ಮೊಣಕಾಲೆತ್ತರ ಬಂತು, ದೊಣ್ಣೆಮೆಣಸಿನಕಾಯಿ ಹೂ ಬಿಟ್ಟಿತು. ಮೂಲಂಗಿ, ಸಬ್ಬಸಿಗೆ ಮೊದಲೇ ಬಂದದ್ದರಿಂದ ಶುಕ್ರವಾರ ಪೇಟೆಯ ಸಂತೆಗೆ ಒಯ್ಯತೊಡಗಿದರು. ಕುಬಾತ್, ಮೇರಿಮ್ ಇಬ್ಬರೇ ಹೋಗಬಹುದಿತ್ತು. "ತಕ್ಕಡಿ ನಾನು ಹಿಡೀತೀನಿ," ಎಂದು ಕಾಲಿಪಾ ಹೊರಟಳು, ಮೊಮ್ಮಗಳೂ ಜೊತೆಗೆ. ಮುದುಕ ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋಗಿ ಅಲ್ಲೇ ಗೆಳೆಯರ ಜೊತೆ ಕೂರುತ್ತಿದ್ದ. ಹೀಗೆ ಶುಕ್ರವಾರ ಮನೆಯಲ್ಲಿ ನಾಯಿ ಬಿಟ್ಟು ಯಾರೂ ಇರುತ್ತಿರಲಿಲ್ಲ.

ಕುಬಾತ್ ಹೆಂಡತಿಗೆ ಒಂದು ಮಾತು ಹೇಳಿದ್ದ: ಈ ಬೇಸಿಗೆ ತೋಟ ಕೈಹಿಡಿದರೆ ಇಲ್ಲೇ ಇರೋಣ, ಕೈಕೊಟ್ಟರೆ ಶರತ್ಕಾಲದಲ್ಲಿ ನಾನೊಬ್ಬನೇ ಮಾಸ್ಕೋಗೆ ಹೋಗುತ್ತೇನೆ. ಒಂದು ಕೋಣೆಯಲ್ಲಿ ಮೂರು ಸಂಸಾರ ಪರದೆ ಕಟ್ಟಿಕೊಂಡು ಬದುಕಿದ್ದ ಆ ಮಾಸ್ಕೋ ಮೇರಿಮ್‌ಗೆ ಕನಸಿನಲ್ಲೂ ಬೇಡವಾಗಿತ್ತು. ಗಂಡನನ್ನು ಒಬ್ಬನನ್ನೇ ಅಲ್ಲಿಗೆ ಕಳಿಸುವುದು ಅದಕ್ಕಿಂತ ಬೇಡವಾಗಿತ್ತು.

ಜೂನ್‌ನಲ್ಲಿ ಬಿಸಿಲು ಕಚ್ಚಿತು. ಮೊದಲ ಗುರುವಾರ ಮೇರಿಮ್ ಬೆಳಿಗ್ಗೆಯೇ ತೂಬಿನ ಹಲಗೆ ಎತ್ತಿ ಗುದ್ದಲಿ ಹಿಡಿದು ಕಾದಳು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಒಂದು ಹನಿ ಬರಲಿಲ್ಲ. ಬೇಲಿಯಾಚೆ ನೆರೆಮನೆಯ ಸಾಗಿನ್‌ನ ಆಲೂಗಡ್ಡೆ ಹೊಲದಲ್ಲಿ ಮಾತ್ರ ನೀರು ಗುಳುಗುಳು ಹರಿಯುತ್ತಿತ್ತು.

"ಅವ್ರ ಸರದಿ ಶುಕ್ರವಾರ ಅಲ್ವಾ ಅತ್ತೆ?"

"ಶುಕ್ರವಾರಾನೇ. ಕದೀತಿದ್ದಾನೆ." ಕಾಲಿಪಾ ಬೇಲಿಯ ಸಂದಿಯಿಂದ ನೋಡಿದಳು. "ಅವನ ಹೆಂಡ್ತಿ ನಗೋದು ನೋಡು, ನಮ್ಮ ನೀರಲ್ಲಿ ಕಾಲು ತೊಳ್ಕೊಂಡು."

ಮರುದಿನ ಸಂತೆಯಿಂದ ಬಂದು ನೋಡಿದರೆ ತೋಟದ ತಗ್ಗಿನ ಮೂಲೆ ಕೆರೆಯಾಗಿದೆ. ಟೊಮೇಟೊ ಗಿಡಗಳು ಮೊಣಕಾಲುದ್ದ ನೀರಲ್ಲಿ ಮಲಗಿವೆ, ಮೇಲಿನ ಪಾತಿಗಳು ಮಾತ್ರ ಬಿರುಕು ಬಿಟ್ಟು ಒಣಗಿವೆ.

"ಹಲಗೆ ಎತ್ತಿದ್ದು ಯಾರು?" ಅಂದಳು ಕಾಲಿಪಾ.

"ನಾನೇ ಅತ್ತೆ, ನಿನ್ನೆ. ಇಳಿಸೋದು ಮರೆತೆ."

"ನಿನ್ನೆ ಬರದ ನೀರು ಇವತ್ತು ನಿನ್ನ ಹಲಗೆ ಹುಡುಕ್ಕೊಂಡು ಬಂತಾ?"

ಅಂದು ಊಟಕ್ಕೆ ಉದ್ದ ಶಾವಿಗೆಯ ಲಗ್ಮಾನ್ ಇತ್ತು. ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಆಯ್ಬಿಕೆ ಒಂದು ಎಳೆಯನ್ನು ಸುರ್ ಎಂದು ಎಳೆದುಕೊಂಡದ್ದಕ್ಕೆ ಮೂವರು ಒಟ್ಟಿಗೆ ಗದರಿದರು.

ಎರಡನೇ ಗುರುವಾರವೂ ಹಾಗೇ ಒಣಗಿತು. ಕಾಲಿಪಾ ಗುದ್ದಲಿ ಹೆಗಲಿಗಿಟ್ಟುಕೊಂಡು ಸಾಗಿನ್‌ನ ಬಾಗಿಲಲ್ಲಿ ನಿಂತಳು.

"ಸಾಗಿನ್, ಹೊರಗೆ ಬಾ! ನೀರು ಕುಡಿದು ಹೊಟ್ಟೆ ತುಂಬಿದ್ರೆ ಮಾತಾಡೋಣ."

ಸಾಗಿನ್ ಬನಿಯನ್‌ನಲ್ಲೇ ಬಂದ. "ಏನತ್ತಿಗೆ, ಯುದ್ಧಕ್ಕೆ ಹೊರಟ ಹಾಗಿದೆ? ನಂಗೆ ಗುರುವಾರ ಕೊಟ್ಟಿದ್ದು ನೀರುಗಂಟಿ. ಶುಕ್ರವಾರ ನಮಾಜಿಗೆ ಅಡ್ಡಿ ಆಗುತ್ತೆ ಅಂತ ನಾನೇ ಬೇರೆ ದಿನ ಕೇಳ್ತಿದ್ದೆ. ಗುರುವಾರ ಖಾಲಿ ಇದೆ ಅಂದ."

"ಖಾಲಿ ಹೆಂಗಿರುತ್ತೆ? ಅದು ನಮ್ದು!"

"ಅದನ್ನ ಅವನ್ನ ಕೇಳಿ. ನನ್ನ ಮೇಲ್ಯಾಕೆ ಗುದ್ದಲಿ?"

ಶುಕ್ರವಾರ ಸಂತೆಗೆ ಹೊರಡುವಾಗ ಕಾಲಿಪಾ ತಾನೇ ಹಲಗೆ ಇಳಿಸಿ ಮೇಲೊಂದು ಕಲ್ಲು ಹೇರಿದಳು. ಸಂಜೆ ಬಂದಾಗ ತೋಟ ಒಣಗಿಯೇ ಇತ್ತು. ಆದರೆ ಕಾಲುವೆಯ ಒಳಮೈ ಒದ್ದೆಯಾಗಿತ್ತು. ಅವಳು ಬೆರಳಲ್ಲಿ ಮಣ್ಣು ಮುಟ್ಟಿ ಮೂಗಿನ ಹತ್ತಿರ ಹಿಡಿದಳು, ಮಣ್ಣು ಕಳ್ಳನ ಹೆಸರು ಹೇಳುತ್ತದೇನೋ ಎಂಬಂತೆ. "ನಾವಿಲ್ಲದ ಹೊತ್ತು ನೋಡಿ ಯಾರೋ ನೀರು ಹಾಯಿಸಿದ್ದಾರೆ. ನಾವಿಲ್ಲ ಅಂತ ಅವ್ರಿಗೆ ಹೇಳಿದ್ದು ಯಾರು?" ಅನ್ನುತ್ತ ಸೊಸೆಯ ಕಡೆ ನೋಡಿದಳು.

ಶನಿವಾರ ಕುಬಾತ್ ಮೇಲೂರಿಗೆ ಹೋದ. ಸಮಾಧಾನವಾಗಿ ಕೇಳಬೇಕೆಂದೇ ಹೊರಟವನು, ಅರ್ಧ ದಾರಿಯಲ್ಲಿ ಬಿಸಿಲಿಗೆ ಸುಟ್ಟ ಮೆಣಸಿನ ಗಿಡ ನೆನಪಾಗಿ, ಮಂಬೆತ್ ಕಂಡ ತಕ್ಷಣ, "ಸಾಗಿನ್ ನಿಂಗೆ ಎಷ್ಟು ಬಾಟಲಿ ಕುಡಿಸಿದ?" ಅಂದುಬಿಟ್ಟ. ಮಂಬೆತ್ ಹೆಂಡ ಮುಟ್ಟದವನು.

"ನಿಮ್ಮ ಮನೆಯವರು ಕೇಳಿದ ದಿನವೇ ನೀರು ಬಿಡ್ತಿದ್ದೀನಿ. ಉಳಿದದ್ದು ನಿನ್ನ ಹೆಂಡ್ತೀನ ಕೇಳು," ಎಂದು ಬಾಗಿಲು ಹಾಕಿಕೊಂಡ.

ಈ ಮಾತು ಮನೆಗೆ ಬಂದದ್ದು ಒಣಹುಲ್ಲಿಗೆ ಬೆಂಕಿ ಬಂದ ಹಾಗೆ. ಚಾಪೆಯ ಸುತ್ತ ಎಲ್ಲರೂ ಕೂತಿದ್ದರು, ರೊಟ್ಟಿ ಇನ್ನೂ ಮುರಿದಿರಲಿಲ್ಲ.

"ಮೇರಿಮ್, ಅವನು ಬಂದಾಗ ನೀನು ಯಾವ ದಿನ ಹೇಳ್ದೆ?" ಎಂದು ಕುಬಾತ್ ಕೇಳಿದ.

ಮಾವ ಎದುರಿಗೇ ಇದ್ದ. "ಎಣ್ಣೆ ಕಾಯಿಸೋ ದಿನ ಅಂದೆ."

ಆ ಮನೆಯಲ್ಲಿ ಅದಕ್ಕಿಂತ ಸ್ಪಷ್ಟವಾದ ಉತ್ತರವಿರಲಿಲ್ಲ. ಐದು ವರ್ಷದ ಕೂಸಿಗೂ ಅದು ಗುರುವಾರ ಎಂದು ಗೊತ್ತಿತ್ತು.

"ಸರಿಯಾಗೇ ಹೇಳಿದ್ಳಲ್ಲ," ಅಂದ ಬೇಯ್ಶೆನ್.

"ನಮ್ಮ ಮುಂದೆ ಸರಿಯಾಗಿ ಹೇಳ್ತಾಳೆ. ಬಾಗಿಲಲ್ಲಿ ಒಬ್ಳೇ ನಿಂತಾಗ ಏನ್ ಹೇಳಿದ್ಳೋ, ಯಾರ್ ಕಂಡ್ರು?" ಕಾಲಿಪಾ ರೊಟ್ಟಿ ಮುರಿದಳು. "ತೋಟ ಒಣಗಿದ್ರೆ ಯಾರಿಗೆ ಲಾಭ ಯೋಚ್ನೆ ಮಾಡು ಮಗ್ನೆ. ಮಣ್ಣು ಕೆದಕೋದು ತಪ್ಪುತ್ತೆ, ಅತ್ತೆ ಕಾಟ ತಪ್ಪುತ್ತೆ. ಗಂಟುಮೂಟೆ ಕಟ್ಟು, ನಡಿ ಮಾಸ್ಕೋಗೆ!"

"ಅತ್ತೆ, ನಂಗೆ ಮಾಸ್ಕೋ ಬೇಕಾಗಿದ್ರೆ ನಾನ್ಯಾಕೆ ಬರ್ತಿದ್ದೆ?"

"ಅದನ್ನೇ ನಾನೂ ಕೇಳ್ತಿರೋದು."

ಮೇರಿಮ್ ಗಂಡನ ಮುಖ ನೋಡಿದಳು. ಅವನು ಏನಾದರೂ ಅನ್ನಬಹುದು ಎಂದು ಕಾದಳು. ಅವನು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ.

ಆಮೇಲಿನ ದಿನಗಳು ಆ ಮನೆಯಲ್ಲಿ ಯಾರಿಗೂ ಬೇಡ. ನೀರಿಗೆ ಉಳಿದದ್ದು ಹಿತ್ತಲಿನ ಒಂದು ನಲ್ಲಿ. ಮೇರಿಮ್, ಕುಬಾತ್ ಬೆಳಿಗ್ಗೆ ಸಂಜೆ ಬಕೆಟ್ ಹೊತ್ತು ಗಿಡಗಳಿಗೆ ಒಂದೊಂದು ಚೊಂಬು ಹಾಕಿದರು, ಒಬ್ಬರಿಗೊಬ್ಬರು ಎದುರಾದಾಗ ಬದಿಗೆ ಸರಿದರು. ಕಾಲಿಪಾ ಸೊಸೆಯ ಚಪ್ಪಲಿಯ ಕೆಸರು ನೋಡುವಳು, ಅವಳು ಹೋದ ಕಡೆ ಏನೋ ಮರೆತವಳಂತೆ ಹಿಂದೆ ಹೋಗುವಳು. ಮೊಮ್ಮಗಳ ಜಡೆ ಹೆಣೆಯುತ್ತ ಮೆಲ್ಲನೆ ಕೇಳುವಳು.

"ಅಮ್ಮ ಫೋನಲ್ಲಿ ಯಾರ ಜೊತೆ ಮಾತಾಡ್ತಾಳೆ ಪುಟ್ಟಿ?"

"ಚಿಕ್ಕಮ್ಮನ ಜೊತೆ."

"ಏನಂತಾಳೆ?"

"ಟೊಮೇಟೊ ಸತ್ತೋಗ್ತಿದೆ ಅಂತ ಅಳ್ತಾಳೆ."

"ಅಳೋದು ಬಿಡು, ಅಳೋಕೇನು ಕಾಸು ಕೊಡ್ಬೇಕಾ? ಇನ್ನೇನಂತಾಳೆ?"

ಸುಳ್ಳು ಹೇಳುವುದೇಕೆ, ಅನುಮಾನ ಒಂದೇ ಕಡೆ ಇರಲಿಲ್ಲ. ಮೇರಿಮ್‌ಗೂ ಒಳಗೊಳಗೇ ಒಂದು ಸಂಶಯ ಹೊಕ್ಕಿತ್ತು: ನನ್ನನ್ನು ಗಂಡನ ಮುಂದೆ ಕೆಟ್ಟವಳು ಮಾಡಲು ಅತ್ತೆಯೇ ನೀರುಗಂಟಿಗೆ ಏನಾದರೂ ಹೇಳಿ ಕಳಿಸಿದ್ದಾಳಾ? ಹಲಗೆಯ ಮೇಲೆ ಕಲ್ಲು ಹೇರಿದ್ದು ಅವಳೇ ಅಲ್ಲವಾ?

ಬುಧವಾರ ಸೌತೆ ಬಳ್ಳಿಗಳ ನಡುವೆ ಕುಬಾತ್ ಮತ್ತೆ ಕೇಳಿದ. ಸುತ್ತ ಯಾರೂ ಇರಲಿಲ್ಲ.

"ನಿಜ ಹೇಳು ಮೇರಿಮ್. ನಾನೇನೂ ಅನ್ನಲ್ಲ. ಅವನಿಗೆ ಏನ್ ಹೇಳ್ದೆ?"

"ಕುಬಾತ್, ನೀನೂನಾ?"

"ನಾನು ಕೇಳ್ತಿದ್ದೀನಿ ಅಷ್ಟೆ."

"ಅವತ್ತು ಹೇಳಿದ್ದೇ ಇವತ್ತೂ ಹೇಳ್ತೀನಿ. ಕೇಳಿ ಕೇಳಿ ಬೇರೆ ಉತ್ತರ ಬರುತ್ತೆ ಅಂದ್ಕೊಂಡಿದ್ದೀಯಾ?"

ಅವನು ಸೌತೆಕಾಯಿ ಕಿತ್ತು ಬುಟ್ಟಿಗೆ ಹಾಕಿದ. ಎಳೆಯದು, ಇನ್ನೂ ಎರಡು ದಿನ ಬಿಡಬೇಕಾಗಿದ್ದದ್ದು.

ಮೂರನೇ ಗುರುವಾರವೂ ನೀರಿಲ್ಲ. ಶುಕ್ರವಾರ ಬೆಳಿಗ್ಗೆ ಗಾಡಿಗೆ ಬುಟ್ಟಿ ಏರಿಸುವಾಗ ಮೇರಿಮ್, "ನಾನು ಬರಲ್ಲ, ಮನೇಲಿರ್ತೀನಿ," ಅಂದಳು.

"ಯಾಕೆ?" ಕಾಲಿಪಾಳ ಕಿವಿ ನೆಟ್ಟಗಾಯಿತು.

"ಶುಕ್ರವಾರ ನಮ್ಮ ಕಾಲುವೇಲಿ ಯಾರು ನೀರು ಬಿಡ್ತಾರೆ ಅಂತ ನೋಡ್ಬೇಕು."

"ನೋಡ್ಬೇಕೋ, ನೋಡಿಸ್ಕೋಬೇಕೋ," ಎಂದು ಗೊಣಗಿದ ಕಾಲಿಪಾ ಮೊಮ್ಮಗಳನ್ನು ಗಾಡಿಯಿಂದ ಕೆಳಗಿಳಿಸಿದಳು. ಅವಳ ಕಿವಿಯಲ್ಲಿ, "ಅಮ್ಮನ ಹತ್ರಾನೇ ಇರು. ಯಾರು ಬಂದ್ರು, ಏನಂದ್ರು, ಎಲ್ಲಾ ನಂಗೆ ಹೇಳ್ಬೇಕು. ಮಿಠಾಯಿ ತರ್ತೀನಿ," ಅಂದಳು. ಆಯ್ಬಿಕೆ ಗಂಭೀರವಾಗಿ ತಲೆಯಾಡಿಸಿದಳು.

ತಾಯಿ ಮಗಳು ಬದುವಿನ ಮೇಲೆ ಕೂತರು. ಮಧ್ಯಾಹ್ನ ಮಸೀದಿಯ ಕರೆ ಕೇಳಿದ ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ಮೊದಲು ಒಣ ಎಲೆಗಳು ತೇಲಿ ಬಂದವು, ಹಿಂದೆಯೇ ನೀರು. ಬೆಟ್ಟದ ಹಿಮ ಕರಗಿದ ಕಂದು ನೀರು, ತುಂಬಾ. ಅದರ ಹಿಂದೆ ಕುದುರೆಯ ಮೇಲೆ ಮಂಬೆತ್.

"ಅಬ್ಬಾ, ಇವತ್ತಾದ್ರೂ ಒಬ್ರು ಸಿಕ್ಕಿದ್ರಲ್ಲ!" ಎಂದು ಅವನು ದೂರದಿಂದಲೇ ಕೂಗಿದ. "ವಾರ ವಾರ ನೀರು ಬಿಡ್ತೀನಿ, ಹಿಡಿಯೋಕೆ ಒಂದು ನರಪಿಳ್ಳೆ ಇಲ್ಲ. ಮೇಲಿಂದ ನಿನ್ನ ಗಂಡ ಬಂದು ನನ್ನ ಕುಡುಕ ಅಂತಾನೆ!"

"ಇವತ್ತು ಯಾಕೆ ಬಿಟ್ರಿ? ನಮ್ಮ ದಿನ ನಿನ್ನೆ ಅಲ್ವಾ?"

"ನಿನ್ನೆಯಾ? ಎಣ್ಣೆ ಕಾಯಿಸೋ ದಿನ ಅಂದಿದ್ದು ನೀನೇ ತಾನೆ? ಈಗ ನಮ್ಮನೇಲಿ ಬಾಣಲೆ ಒಲೆ ಮೇಲಿದೆ. ಮೇಲೂರಲ್ಲಿ ಎಲ್ರೂ ಶುಕ್ರವಾರಾನೇ ಕಾಯಿಸೋದು."

ಮೇರಿಮ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುತ್ತ ನಗುತ್ತ ಬದುವಿನ ಮೇಲೆ ಕುಸಿದಳು, ಹೆಗಲು ಅಲುಗಿದ್ದು ನಗುವಿಗೋ ಅಳುವಿಗೋ ಮಂಬೆತ್‌ಗೆ ತಿಳಿಯಲಿಲ್ಲ. ಅವನು ಕುದುರೆಯಿಂದ ಇಳಿದು ಹಲಗೆಯ ಮೇಲಿದ್ದ ಕಲ್ಲು ಸರಿಸಿಕೊಟ್ಟು ಹೋದ. ಅವಳು ಎದ್ದು ಲಂಗದ ಅಂಚು ಸಿಕ್ಕಿಸಿ ಗುದ್ದಲಿ ಹಿಡಿದಳು. ಸಂಜೆಯೊಳಗೆ ಒಂದು ಪಾತಿಯೂ ಬಿಡದೆ ನೀರು ಹಾಯಿಸಿದಳು.

ಗಾಡಿ ಅಂಗಳಕ್ಕೆ ಬರುತ್ತಿದ್ದ ಹಾಗೆ ಆಯ್ಬಿಕೆ ಓಡಿಹೋಗಿ ವರದಿ ಒಪ್ಪಿಸಿದಳು.

"ಅಜ್ಜೀ, ಕುದುರೆ ಮೇಲೆ ಒಬ್ಬ ಮಾಮ ಬಂದಿದ್ದ! ಅಮ್ಮ ಅವನ ಜೊತೆ ಮಾತಾಡಿದ್ಲು. ಆಮೇಲೆ ನಕ್ಕಳು, ಆಮೇಲೆ ಅತ್ಲು. ಮಿಠಾಯಿ ಕೊಡು."

ಕಾಲಿಪಾ ಮಗನ ಕಡೆ ತಿರುಗಿದಳು. ಕುಬಾತ್ ಬುಟ್ಟಿ ಅಲ್ಲೇ ಎಸೆದು ಹಿತ್ತಲಿಗೆ ನಡೆದ. ಮೇರಿಮ್ ನಲ್ಲಿಯಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಳು.

"ಯಾರವನು?"

ಅವಳು ತಲೆಯೆತ್ತಿದಳು. ಅವನ ಮುಖ ನೋಡಿದ ಮೇಲೆ ಕೇಳಿದ್ದು ಏನೆಂದು ಅವಳಿಗೆ ಪೂರ್ತಿ ಅರ್ಥವಾಯಿತು.

"ಯಾರವನು ಅಂದೆ! ಮನೇಲಿ ಯಾರೂ ಇಲ್ದಾಗ ಯಾರ ಜೊತೆ ನಗ್ತಿದ್ದೆ?"

"ತೋಟಕ್ಕೆ ಹೋಗಿ ನೋಡು," ಅಂದಳು ಅವಳು.

ಎಲ್ಲರೂ ಹೋಗಿ ನೋಡಿದರು. ಮಸೀದಿಯಿಂದ ಬಂದ ಮುದುಕನೂ ಕೋಲೂರಿಕೊಂಡು ಹೋದ. ಪಾತಿಗಳಲ್ಲಿ ನೀರು ಇಂಗುತ್ತಿತ್ತು, ಟೊಮೇಟೊ ಎಲೆಗಳು ಆಗಲೇ ತಲೆಯೆತ್ತಿದ್ದವು. ಮೇರಿಮ್ ಏರುದನಿಯಿಲ್ಲದೆ ಇದ್ದದ್ದನ್ನು ಹೇಳಿದಳು. ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸುವುದು ಒಂದು ದಿನ, ನೀರುಗಂಟಿಯ ಮನೆಯಲ್ಲಿ ಮರುದಿನ.

ಬೇಯ್ಶೆನ್ ಮೊದಲು ನಕ್ಕ. ಎಷ್ಟು ನಕ್ಕನೆಂದರೆ ಕೆಮ್ಮು ಬಂದು ಕುಬಾತ್ ಅವನ ಬೆನ್ನು ತಟ್ಟಬೇಕಾಯಿತು. "ನನ್ನ ಹೆಸರು ಉಳಿಸೋಕೆ ಹೋಗಿ ನನ್ನ ತೋಟ ಒಣಗಿಸಿದ್ರಲ್ರೋ!"

"ನನ್ನನ್ಯಾಕೆ ನೋಡ್ತೀರಾ?" ಅಂದಳು ಕಾಲಿಪಾ. "ಶುಕ್ರವಾರ ಎಣ್ಣೆ ಕಾಯಿಸೋದು ಯಾವ ಸೀಮೆ ಪದ್ಧತಿ? ಸತ್ತವರು ಹಿಂದಿನ ದಿನಾನೇ ಬಂದು ಹೋಗಿರ್ತಾರೆ, ಮೇಲೂರಿನವರು ಮಾರನೇ ದಿನ ಬರೀ ಗಾಳಿಗೆ ವಾಸನೆ ತೋರಿಸ್ತಾರೆ!" ಅಷ್ಟು ಅಂದವಳು ಸೊಸೆಯ ಹತ್ತಿರ ಬಂದು, ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡಳು. "ಹೋಗು, ಕೂತ್ಕೋ. ಚಹಾ ನಾನು ಮಾಡ್ತೀನಿ." ಕಾಲಿಪಾಳ ಬಾಯಿಂದ ಕ್ಷಮೆ ಅಂದರೆ ಇಷ್ಟೇ. ಮೇರಿಮ್‌ಗೂ ಅದು ಸಾಕಾಯಿತು.

ಕುಬಾತ್ ಕೂಡ ನಗುತ್ತಿದ್ದ. ಹೆಂಡತಿಯ ಭುಜ ಹಿಡಿದು, "ನಂಗೆ ಗೊತ್ತಿತ್ತು ಕಣೇ, ನೀನು ಅಂಥವಳಲ್ಲ ಅಂತ," ಅಂದ.

ಮೇರಿಮ್ ಭುಜ ಬಿಡಿಸಿಕೊಂಡಳು. "ಗೊತ್ತಿತ್ತಾ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು.

ಆ ವಾರ ಬೇಯ್ಶೆನ್ ಮತ್ತು ಸಾಗಿನ್ ಚಹಾ ಕುಡಿದು ರಾಜಿಯಾದರು. ಗುರುವಾರದ ಸರದಿ ಮತ್ತೆ ಬೇಯ್ಶೆನ್‌ನ ಮನೆಗೇ ಬಂತು. ಕುಬಾತ್ ಒಂದು ಬುಟ್ಟಿ ಸೌತೆಕಾಯಿ ಹೊತ್ತು ಮಂಬೆತ್‌ನ ಮನೆಗೆ ಹೋಗಿ ತಪ್ಪಾಯಿತೆಂದು ಬಂದ. ಜುಲೈ ಕೊನೆಗೆ ಟೊಮೇಟೊ ಹಣ್ಣಾಯಿತು, ಮೂಲೆಯವು ಕೊಳೆತರೂ ಉಳಿದವು ಕೊಂಬೆ ಬಗ್ಗುವಷ್ಟು ಬಂದವು. ಮಾಸ್ಕೋದ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕಾಲಿಪಾ ಈಗ ಬೀದಿಯ ಹೆಂಗಸರ ಮುಂದೆ ಸೊಸೆಯನ್ನು ಹೊಗಳುತ್ತಾಳೆ. "ಪಟ್ಟಣದವಳು ಅಂತಿದ್ರಲ್ಲ, ಬಂದು ನೋಡ್ರೇ! ಗಂಡನ ಹೆಸರು ಬಾಯಲ್ಲಿ ಬರಲ್ಲ. 'ಆಯ್ಬಿಕೆ, ನಿಮ್ಮಪ್ಪನ್ನ ಊಟಕ್ಕೆ ಕರಿ' ಅಂತಾಳೆ. 'ಬನ್ನಿ, ಹೋಗಿ' ಅಂತಾಳೆ. ತಾನಾಗೇ ಕಲಿತಳು, ನಾನೊಂದು ಮಾತೂ ಹೇಳ್ಲಿಲ್ಲ!"

ಹೆಂಗಸರು ತಲೆದೂಗುತ್ತಾರೆ. ಅಲ್ಲೇ ಇರುವ ನಾನು ಮಾತ್ರ ತಲೆದೂಗುವುದಿಲ್ಲ. ಅತ್ತೆ ಇಷ್ಟು ಕಾಡಿದರೂ ಬಿಡದಿದ್ದ ಹೆಸರನ್ನು ಒಬ್ಬಳು ತಾನಾಗಿ ಬಿಟ್ಟರೆ ಅದಕ್ಕೆ ಮರ್ಯಾದೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕುಬಾತ್‌ಗೆ ಅದು ಗೊತ್ತಿತ್ತು. ಒಂದು ದಿನ ಕಾಲಿಪಾ ಮಗಳ ಮನೆಗೆ ಹೋಗಿದ್ದಾಗ, ಇಬ್ಬರೇ ಟೊಮೇಟೊ ಬಿಡಿಸುತ್ತಿದ್ದರು. ಅವನು ಸಾಲಿನ ಆ ತುದಿಯಿಂದ ಕೇಳಿದ:

"ಅಮ್ಮ ಇಲ್ಲ. ಅಪ್ಪ ಮಲಗಿದ್ದಾನೆ. ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ."

ಮೇರಿಮ್ ಕೈಯಲ್ಲಿದ್ದ ಹಣ್ಣನ್ನು ಒರೆಸಿ ಬುಟ್ಟಿಯಲ್ಲಿಟ್ಟಳು. ಬಾಯಿ ತೆರೆದಳು. ಸುಮ್ಮನೆ ಹಟ ಮಾಡುತ್ತಿರಲಿಲ್ಲ, ಪ್ರಯತ್ನವನ್ನೇ ಮಾಡಿದಳು.

"ಬರ್ತಾ ಇಲ್ಲ ರೀ," ಅಂದಳು.